ಆಪರೇಟಿಂಗ್ ಸಿಸ್ಟಮ್ ಎಂದರೇನು?

ನಮ್ಮ ಧರ್ಮಕೇಂದ್ರಗಳ ಕಚೇರಿಗಳಲ್ಲಿ ಪತ್ರ ವ್ಯವಹಾರ, ಲೆಕ್ಕಪತ್ರ, ಜ್ಞಾನಸ್ನಾನ ಮತ್ತು ವಿವಾಹದ ದಾಖಲೆಗಳ ಪಟ್ಟಿ ಎಲ್ಲವೂ ಈಗ ಕಂಪ್ಯೂಟರಿನಲ್ಲಿ ಸೇರುತ್ತಿವೆ. ಆದರೆ ಆ ಕಂಪ್ಯೂಟರಿನಲ್ಲಿರುವ ಆಪರೇಟಿಂಗ್ ಸಿಸ್ಟಮ್ ಯಾವುದೆಂದು ಕೇಳಿದರೆ ನಮ್ಮಲ್ಲಿ ಹಲವರು ತಡವರಿಸುತ್ತೇವೆ.

ಪ್ರೊಸೆಸರ್, ಮೆಮೊರಿ, ಹಾರ್ಡ್ ಡಿಸ್ಕ್, ಪ್ರಿಂಟರ್ ಇವು ಯಂತ್ರದ ಭಾಗಗಳು. ಪತ್ರ ಬರೆಯಲು, ಲೆಕ್ಕ ಇಡಲು ಬಳಸುವ ತಂತ್ರಾಂಶಗಳು ಬೇರೆ. ಇವೆರಡರ ನಡುವೆ ನಿಂತು ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್. ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್, ಮೊಬೈಲಿನಲ್ಲಿ ಆಂಡ್ರಾಯ್ಡ್ ಇದಕ್ಕೆ ಉದಾಹರಣೆಗಳು.

ಚರ್ಚಿನ ವಾರ್ಷಿಕ ಹಬ್ಬದ ಅಡುಗೆಮನೆಯನ್ನು ನೆನಪಿಸಿಕೊಳ್ಳೋಣ. ಅಡುಗೆಯವರು ಹಲವರು, ಒಲೆಗಳು ಕೆಲವೇ. ಯಾರಿಗೆ ಯಾವ ಒಲೆ, ಯಾರಿಗೆ ಎಷ್ಟು ಜಾಗ, ಉಗ್ರಾಣದ ಬೀಗದ ಕೈ ಯಾರ ಬಳಿ ಎಂಬುದನ್ನು ಮೇಲ್ವಿಚಾರಕರೊಬ್ಬರು ನಿರ್ಧರಿಸದಿದ್ದರೆ ಊಟ ಬಡಿಸಲಾಗದು. ಆಪರೇಟಿಂಗ್ ಸಿಸ್ಟಮ್ ಮಾಡುವುದೂ ಇದನ್ನೇ. ಪ್ರೊಸೆಸರಿನ ಸಮಯವನ್ನು ಸೆಕೆಂಡಿನ ಸಣ್ಣ ಸಣ್ಣ ಪಾಲುಗಳಾಗಿ ತಂತ್ರಾಂಶಗಳಿಗೆ ಹಂಚುತ್ತದೆ. ಒಂದರ ಮೆಮೊರಿಯೊಳಗೆ ಇನ್ನೊಂದು ಕೈ ಹಾಕದಂತೆ ತಡೆಯುತ್ತದೆ. ಫೈಲುಗಳನ್ನು ಡಿಸ್ಕಿನಲ್ಲಿ ಜೋಡಿಸಿಡುತ್ತದೆ. ಪಾಸ್‌ವರ್ಡ್ ನೋಡಿಯೇ ಒಳಗೆ ಬಿಡುತ್ತದೆ.

ಈ ಕಾವಲಿನಲ್ಲಿ ಆಗಾಗ ಲೋಪಗಳು ಕಂಡುಬರುತ್ತವೆ. ಅವನ್ನು ಮುಚ್ಚಲು ತಯಾರಕರು ಕಳುಹಿಸುವುದೇ ಅಪ್‌ಡೇಟ್. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಹಲವು ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ತತ್ತರಿಸಿದವು. ವಿಂಡೋಸಿನ ಆ ಲೋಪಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪರಿಹಾರ ನೀಡಿತ್ತು. ಅದನ್ನು ಹಾಕಿಕೊಳ್ಳದ ಕಂಪ್ಯೂಟರುಗಳು ಬಲಿಯಾದವು.

ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದೆ. ಯಂತ್ರ ಮೊದಲಿನಂತೆಯೇ ಓಡುವುದರಿಂದ ಇದು ನಮ್ಮ ಗಮನಕ್ಕೆ ಬರುವುದಿಲ್ಲ. ಅಪಾಯ ಇರುವುದೂ ಅಲ್ಲೇ.

ಆದ್ದರಿಂದ ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ವಿಭಾಗದ ಅಬೌಟ್ ಎಂಬಲ್ಲಿ ನಮ್ಮ ವಿಂಡೋಸ್ ಯಾವುದೆಂದು ಇಂದೇ ನೋಡೋಣ. ಹಳೆಯದಾಗಿದ್ದರೆ, ಯಂತ್ರ ಒಪ್ಪುವುದಾದರೆ ವಿಂಡೋಸ್ 11ಕ್ಕೆ ಬದಲಾಯಿಸೋಣ. ಒಪ್ಪದಿದ್ದರೆ ಉಚಿತವಾಗಿ ಸಿಗುವ ಲಿನಕ್ಸ್ ಇದೆ. ಬದಲಾಯಿಸುವ ಮುನ್ನ ದಾಖಲೆಗಳ ಪ್ರತಿಯೊಂದನ್ನು ಬೇರೆ ಡಿಸ್ಕಿಗೆ ಹಾಕಿ, ಅದನ್ನು ಕಂಪ್ಯೂಟರಿನಿಂದ ಕಳಚಿ ಕಪಾಟಿನಲ್ಲಿಡೋಣ. ಕೈಬರಹದ ಹಳೆಯ ರಿಜಿಸ್ಟರುಗಳನ್ನಂತೂ ಜೋಪಾನವಾಗಿಯೇ ಕಾಯೋಣ. ಅವುಗಳಿಗೆ ಅಪ್‌ಡೇಟ್ ಬೇಕಿಲ್ಲ, ಗೆದ್ದಲಿನ ಭಯವೊಂದೇ.