ಟಿವಿ ಮುಂದೆ ಆಯಿ ಕೂತ ಭಾನುವಾರ

ಈ ಸಲ ಬೆಂಗಳೂರಿಂದ ಬೀದರ್ ಟ್ರೈನ್ ಹತ್ತುವಾಗ ಒಂದೇ ಪ್ಲ್ಯಾನ್ ಇತ್ತು: ಎಲ್ಲೂ ಹೋಗಬಾರದು. ಕೋಟೆ ಬೇಡ, ಝರಣಿ ನರಸಿಂಹ ಬೇಡ, ಯಾರ ಮದುವೆಯೂ ಬೇಡ. ಭಾನುವಾರ ಪೂರ್ತಿ ಮನೆಯಲ್ಲೇ ಕೂತು ಸಾಕ್ಷ್ಯಚಿತ್ರ, ಹಳೇ ಸಿನಿಮಾ ನೋಡೋದು, ಅಷ್ಟೇ. ಔರಾದ್‌ನಿಂದ ಆಯಿ ಬಂದಿದ್ದಳು. ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ.

ಬೆಳಿಗ್ಗೆ ಸುಸಲಾ ತಿನ್ನುತ್ತಾ ಬಿದರಿ ಕಲೆಯ ಮೇಲಿನ ಒಂದು ಚಿಕ್ಕ ಸಾಕ್ಷ್ಯಚಿತ್ರ ಹಾಕಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯೋದು, ಕೊರೆದು ಬೆಳ್ಳಿ ಕೂರಿಸೋದು, ಕೊನೆಗೆ ಕೋಟೆಯ ಹಳೇ ಮಣ್ಣು ಮತ್ತು ನವಸಾಗರದ ನೀರಲ್ಲಿ ಹಾಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕುಶಲಕರ್ಮಿ ಮಣ್ಣನ್ನು ನಾಲಿಗೆಗಿಟ್ಟು ರುಚಿ ನೋಡುತ್ತಿದ್ದ. ಹುಟ್ಟಿದ ಊರಿನ ಈ ಕೆಲಸವನ್ನು ನಾನು ನೋಡಿದ್ದು ಸ್ಕ್ರೀನ್ ಮೇಲೇ ಮೊದಲು. ನಾಚಿಕೆ ಆಯ್ತು, ಇರಲಿ.

ಆಮೇಲೆ ಆಯಿಗೋಸ್ಕರ 'ಸಂತ ತುಕಾರಾಮ್'. ಪುಣೆಯ ಪ್ರಭಾತ್ ಕಂಪನಿಯ 1936ರ ಮರಾಠಿ ಚಿತ್ರ. ಮರುವರ್ಷ ವೆನಿಸ್ ಚಿತ್ರೋತ್ಸವದಲ್ಲೂ ಮನ್ನಣೆ ಪಡೆದದ್ದು. ಔರಾದ್ ಗಡಿ ಊರು, ಆಯಿಗೆ ಮರಾಠಿ ಸಲೀಸು. ಆದರೆ ಅವಳಿಗೆ ಹಿಡಿಸಿದ್ದು ತುಕಾರಾಮ ಅಲ್ಲ, ದೇವರನ್ನೇ ಬೈಯುವ ಹೆಂಡತಿ ಜಿಜಾಯಿ. "ಆಕಿ ಬೈಯೋದು ಖರೆ ಅದ. ಮನ್ಯಾಗ ಹಿಟ್ಟಿಲ್ಲಂದ್ರ ಭಜನಿ ಯಾರಿಗಿ ಬೇಕು?" ಅಂದಳು.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಆದ ಮೇಲೆ 'ಅಂಕುರ್'. ಶ್ಯಾಮ್ ಬೆನಗಲ್ ಅವರ ಮೊದಲ ಕಥಾಚಿತ್ರ, 1974ರದ್ದು. ನಮ್ಮ ಅನಂತ್ ನಾಗ್ ಜಮೀನುದಾರನ ಮಗ, ಶಬಾನಾ ಆಜ್ಮಿ ಮನೆಗೆಲಸದ ಲಕ್ಷ್ಮಿ. ಶಬಾನಾ, ಸಾಧು ಮೆಹರ್ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಸಬ್‌ಟೈಟಲ್ ಬೇಕಾಗಲಿಲ್ಲ. ಅದರಲ್ಲಿರೋದು ಮುಂಬೈ ಹಿಂದಿ ಅಲ್ಲ, ದಖನಿ. ನಮ್ಮ ಗಲ್ಲಿಯ ಮಾತು. 1956ರವರೆಗೆ ಬೀದರ್ ಇದ್ದದ್ದು ಹೈದರಾಬಾದ್ ರಾಜ್ಯದಲ್ಲೇ ಅಲ್ಲವೇ?

ಲಕ್ಷ್ಮಿ ಅಕ್ಕಿ ಕದಿಯುವ ದೃಶ್ಯ ಬಂತು. ಆಯಿ, "ನಿಂದ್ರಸು" ಅಂದಳು. ಬಾತ್‌ರೂಮಿಗೆ ಹೋಗಬೇಕೇನೋ ಅಂತ ಪಾಸ್ ಮಾಡಿದೆ.

"ನಾನೂ ತಂದೀನಿ. ಎಪ್ಪತ್ತೆರಡರ ಬರದಾಗ. ಗೌಡ್ರ ವಾಡೇದಾಗ ಜೋಳ ಹಸನ ಮಾಡ್ಲಿಕ್ಕಿ ಕರಿತಿದ್ರು. ದಿನಾ ಎರಡು ಮುಷ್ಟಿ ಸೆರಗಿಗಿ ಕಟ್ಕೊಂಡು ಬರ್ತಿದ್ದೆ."

ಅಪ್ಪ ಪೇಪರ್ ಕೆಳಗಿಟ್ಟರು. 1972ರ ಬರ ಮರಾಠವಾಡವನ್ನೂ ನಮ್ಮ ಭಾಗವನ್ನೂ ಹಿಂಡಿದ್ದು, ಜನ ರಸ್ತೆ ಕಾಮಗಾರಿಯಲ್ಲಿ ಕಲ್ಲು ಒಡೆದದ್ದು ಅವರು ನಮಗೆ ಎಷ್ಟೋ ಸಲ ಹೇಳಿದ್ದರು. ಇದನ್ನು ಹೇಳಿರಲಿಲ್ಲ. ಗೊತ್ತಿದ್ದರಲ್ಲವೇ ಹೇಳೋದು, ಆಗ ಅವರಿಗೆ ನಾಲ್ಕು ವರ್ಷ.

"ಯಾಕ ಹೇಳ್ಲಿಲ್ಲವ್ವಾ?" ಅಂದರು.

"ಏನಂತ ಹೇಳ್ಲಿ? ನೀ ಮಾಸ್ತರ್ ಆದಿ. ಸಾಲ್ಯಾಗ ಹುಡುಗರಿಗಿ ಕಳವು ಮಾಡಬ್ಯಾಡ ಅಂತ ಹೇಳಾಂವ."

ಅಪ್ಪ ಏನೂ ಅನ್ನದೆ ಎದ್ದು ಒಳಗೆ ಹೋದರು. ನಾನು ರಿಮೋಟ್ ಹಿಡಿದು ಸುಮ್ಮನೆ ಕೂತಿದ್ದೆ. ಪ್ಲೇ ಒತ್ತಬೇಕೋ ಬೇಡವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪ ಎರಡು ಕಪ್ ಚಾ ಹಿಡಿದು ಬಂದರು. ಚಾ ಮಾಡಿದ್ದು ಅವರೇ, ಸಕ್ಕರೆ ವಿಪರೀತ. ಒಂದು ಆಯಿಗೆ ಕೊಟ್ಟು, ಕುರ್ಚಿ ಬಿಟ್ಟು ಅವಳ ಪಕ್ಕ ಚಾಪೆ ಮೇಲೆ ಕೂತರು. "ಹಚ್ಚು ಮುಂದ" ಅಂದಳು ಆಯಿ.

ಪೂರ್ತಿ ನೋಡಿದೆವು. ಕೊನೆಯಲ್ಲಿ ಆ ಹುಡುಗ ಕಲ್ಲೆಸೆದು ಓಡಿದಾಗ ಆಯಿ ನಕ್ಕಳು. ನೀವು ನೋಡುವವರಿದ್ದರೆ ಒಬ್ಬರೇ ಇಯರ್‌ಫೋನ್ ಹಾಕಿಕೊಂಡು ನೋಡಬೇಡಿ. ಮನೆಯ ಹಿರಿಯರನ್ನೂ ಕೂರಿಸಿಕೊಳ್ಳಿ.

ರಾತ್ರಿ ಭಾಲ್ಕಿಯ ಅತ್ತೆಗೆ ಫೋನ್ ಹಚ್ಚಿದೆ. ಅಪ್ಪನಿಗಿಂತ ಆರು ವರ್ಷ ದೊಡ್ಡವರು. ಜೋಳದ ವಿಷಯ ಹೇಳುತ್ತಿದ್ದಂತೆ ಆ ಕಡೆ ಒಂದು ಕ್ಷಣ ಸದ್ದೇ ಇಲ್ಲ.

"ಹೇಳಿದಳಾ?" ಅಂದರು ಅತ್ತೆ. "ಆ ಜೋಳ ಬೀಸ್ತಿದ್ದಾಕಿ ನಾನೇ. ಬಾಗಿಲಾ ಹಾಕ್ಕೊಂಡು."