ತಂತಿಯೂ ಅವರದೇ, ಅಂಗಡಿಯೂ ಅವರದೇ

ನ್ಯೂಜಿಲೆಂಡ್ ಸರ್ಕಾರ 1990ರಲ್ಲಿ ತನ್ನ ದೂರವಾಣಿ ಸಂಸ್ಥೆಯಾದ ಟೆಲಿಕಾಂ ಅನ್ನು 425 ಕೋಟಿ ನ್ಯೂಜಿಲೆಂಡ್ ಡಾಲರಿಗೆ ಮಾರಿತು. ಕೊಂಡವರು ಅಮೆರಿಕದ ಬೆಲ್ ಅಟ್ಲಾಂಟಿಕ್ ಮತ್ತು ಅಮೆರಿಟೆಕ್. ಈ ಎರಡೂ ಕಂಪನಿಗಳು ಸ್ವತಂತ್ರವಾದದ್ದೇ 1984ರಲ್ಲಿ, ಅಮೆರಿಕ ತನ್ನ ದೂರವಾಣಿ ದೈತ್ಯ ಎಟಿ ಅಂಡ್ ಟಿಯನ್ನು ಒಡೆದಾಗ. ಅಂಥವರ ಕೈಗೆ ನ್ಯೂಜಿಲೆಂಡ್ ತನ್ನ ಕಂಪನಿಯನ್ನು ಒಡೆಯದೆ ಇಡಿಯಾಗಿ ಕೊಟ್ಟಿತು. ದೂರಸಂಪರ್ಕಕ್ಕೆಂದೇ ಪ್ರತ್ಯೇಕ ನಿಯಂತ್ರಕರೂ ಬೇಡ, ಸ್ಪರ್ಧಾ ಕಾನೂನೊಂದೇ ಸಾಕು ಎಂದು ನಂಬಿತು.

ಸಾಲಲಿಲ್ಲ. ಕ್ಲಿಯರ್ ಕಮ್ಯುನಿಕೇಷನ್ಸ್ ಎಂಬ ಹೊಸ ಕಂಪನಿ ಸ್ಥಳೀಯ ಕರೆಗಳ ವ್ಯಾಪಾರಕ್ಕೆ ಇಳಿಯಲು ಹೊರಟಿತು. ಅದರ ಗ್ರಾಹಕರು ಟೆಲಿಕಾಂ ಗ್ರಾಹಕರಿಗೆ ಫೋನ್ ಮಾಡಿದರೆ ಆ ಕರೆ ಟೆಲಿಕಾಂ ಎಕ್ಸ್‌ಚೇಂಜಿಗೆ ಹೋಗಿ, ಟೆಲಿಕಾಂನದೇ ತಾಮ್ರದ ಜೋಡಿ ತಂತಿ ಹಿಡಿದು ಮನೆ ಸೇರಬೇಕು. ಆ ಕೊನೆಯ ದಾರಿಗೆ ಬಾಡಿಗೆ ಎಷ್ಟು? ಗ್ರಾಹಕರು ಕೈತಪ್ಪಿದ್ದರಿಂದ ತನಗೆ ಖೋತಾ ಆಗುವ ಲಾಭವನ್ನೂ ಸೇರಿಸಿ ಕೊಡಬೇಕೆಂದು ಟೆಲಿಕಾಂ ಪಟ್ಟು ಹಿಡಿಯಿತು. ವ್ಯಾಜ್ಯ ಆಗ ದೇಶದ ಅಂತಿಮ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಗಿ, 1994ರಲ್ಲಿ ಟೆಲಿಕಾಂ ಗೆದ್ದಿತು. ಎದುರಾಳಿ ಬಂದ ಮೇಲೂ ಹಳಬರ ಲಾಭ ಒಂದು ಕಾಸೂ ಕಡಿಮೆಯಾಗಬಾರದು ಎನ್ನುವುದಾದರೆ, ಪೈಪೋಟಿಯಿಂದ ಜನರಿಗೆ ಸಿಗುವುದೇನು? ಆ ತೀರ್ಪನ್ನು ಒಪ್ಪಲು ನನ್ನಿಂದ ಇವತ್ತಿಗೂ ಆಗಿಲ್ಲ.

2001ರಲ್ಲಿ ದೂರಸಂಪರ್ಕ ಕಾಯ್ದೆ ಬಂತು, ಆಯುಕ್ತರೂ ಬಂದರು. ಆದರೂ ಬ್ರಾಡ್‌ಬ್ಯಾಂಡ್‌ನಲ್ಲಿ ದೇಶ ಹಿಂದೆ ಬಿತ್ತು. ಡೇವಿಡ್ ಕನ್ಲಿಫ್ ಸಂಪರ್ಕ ಸಚಿವರಾಗಿದ್ದಾಗ, 2006ರ ಮೇ ತಿಂಗಳಲ್ಲಿ, ಸರ್ಕಾರ ಕೊನೆಗೂ ಗಟ್ಟಿ ಮನಸ್ಸು ಮಾಡಿತು. ಎಕ್ಸ್‌ಚೇಂಜಿನೊಳಗೆ ಪ್ರತಿಸ್ಪರ್ಧಿಗಳೂ ತಮ್ಮ ಯಂತ್ರ ಇಟ್ಟು, ಮನೆಗೆ ಹೋಗುವ ತಾಮ್ರದ ತಂತಿಗೆ ಜೋಡಿಸಿಕೊಳ್ಳಬಹುದು ಎಂದಿತು. 2008ರಲ್ಲಿ ಟೆಲಿಕಾಂ ಕಂಪನಿಯೊಳಗೇ ಜಾಲ, ಸಗಟು, ಚಿಲ್ಲರೆ ಎಂದು ಮೂರು ಭಾಗಗಳಾದವು.

ಪೂರ್ತಿ ವಿಭಜನೆ ಮಾತ್ರ ಕಾನೂನಿನ ಆದೇಶದಿಂದ ಆದದ್ದಲ್ಲ. ದೇಶದ ಬಹುಪಾಲು ಜನರಿಗೆ ಫೈಬರ್ ಎಳೆಯಲು ಸರ್ಕಾರ 135 ಕೋಟಿ ಡಾಲರ್ ತೆಗೆದಿಟ್ಟು, ಫೈಬರ್ ಎಳೆಯುವವರು ಮನೆಮನೆಗೆ ಸಂಪರ್ಕ ಮಾರುವಂತಿಲ್ಲ ಎಂಬ ಷರತ್ತು ಹಾಕಿತು. ಆ ಕೆಲಸ ಬಿಟ್ಟುಕೊಟ್ಟರೆ ತನ್ನ ತಾಮ್ರದ ಜಾಲಕ್ಕೇ ಸಂಚಕಾರ ಎಂದು ಟೆಲಿಕಾಂಗೆ ಗೊತ್ತಿತ್ತು. ಷೇರುದಾರರು ಒಪ್ಪಿದರು, 2011ರ ಕೊನೆಗೆ ಮನೆಮನೆಗೆ ಹೋಗುವ ತಂತಿಯ ಜಾಲ ಕೋರಸ್ ಎಂಬ ಬೇರೆ ಕಂಪನಿಯಾಯಿತು. ಉಳಿದ ಟೆಲಿಕಾಂ 2014ರಲ್ಲಿ ಸ್ಪಾರ್ಕ್ ಎಂದು ಹೆಸರು ಬದಲಿಸಿಕೊಂಡಿತು. ಇಪ್ಪತ್ತು ವರ್ಷ ಕಾನೂನಿನಿಂದ ಆಗದ್ದನ್ನು ಒಂದು ಟೆಂಡರ್ ಷರತ್ತು ಮಾಡಿಸಿತು. ಈ ಕಥೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಇದೇ.

2022ರ ಕೊನೆಗೆ ಫೈಬರ್ ಜಾಲ ಶೇ 87ರಷ್ಟು ಜನರಿಗೆ ಎಟುಕುವಂತಾಯಿತು. ಸ್ಪಾರ್ಕ್ ಬಿಟ್ಟು ಬೇರೆ ಕಂಪನಿ ಹಿಡಿದರೂ ಮನೆಯೊಳಗಿನ ಫೈಬರ್ ಅದೇ ಇರುತ್ತದೆ. ಹಾಗೆಂದು ಏಕಸ್ವಾಮ್ಯ ಅಳಿದಿಲ್ಲ, ಅದೀಗ ಬಹುಪಾಲು ಕಡೆ ಕೋರಸ್ ಕೈಯಲ್ಲಿದೆ. ಅದಕ್ಕೇ ಅದರ ಫೈಬರ್ ಆದಾಯಕ್ಕೆ 2022ರಿಂದ ವಾಣಿಜ್ಯ ಆಯೋಗ ಗರಿಷ್ಠ ಮಿತಿ ಹಾಕುತ್ತಿದೆ.