ಮುಂಗಡದ ಸಾಲ, ಬಿಡುಗಡೆಯ ದುಡ್ಡು

ಜೀತಕ್ಕೆ ದೊಡ್ಡ ಸಾಲವೇ ಬೇಕೆಂದಿಲ್ಲ. ಆಸ್ಪತ್ರೆ ಬಿಲ್ಲು, ಮನೆ ಬಾಡಿಗೆ, ಮಗಳ ಮದುವೆ ಯಾವುದಕ್ಕೋ ಒಬ್ಬರು ಮುಂಗಡ ಕೊಡುತ್ತಾರೆ. ಅದು ತೀರುವವರೆಗೆ ಹುಡುಗ ಗ್ಯಾರೇಜಿನಲ್ಲೋ ಇಟ್ಟಿಗೆ ಗೂಡಿನಲ್ಲೋ ಇರಬೇಕು. ಮೈಸೂರಿನಲ್ಲಿ ಬೀಡಿ, ಊದುಬತ್ತಿ ಕೆಲಸ ಮನೆಮನೆಗಳಲ್ಲೇ ನಡೆದುಕೊಂಡು ಬಂದಿದೆ. ಕೂಲಿ ಸಾವಿರದ ಲೆಕ್ಕದಲ್ಲಿ. ಹಾಗಾಗಿ ಶಾಲೆ ಬಿಟ್ಟು ಬಂದ ಮಗುವಿನ ಕೈಯೂ ಅದರಲ್ಲಿ ಸೇರುತ್ತದೆ, ಲೆಕ್ಕ ಮಾತ್ರ ಅಮ್ಮನ ಹೆಸರಿನಲ್ಲಿ. ತಪಾಸಣೆಗೆ ಬಂದವರಿಗೆ ಕಾಣುವುದು ಒಬ್ಬ ಹೆಂಗಸು.

ಸರ್ಕಾರದಲ್ಲಿ ದುಡ್ಡಿಲ್ಲವೇ? ಇದೆ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಎರಡು ವರ್ಷದ ನಂತರ ಬಂದ ಯೋಜನೆಯಲ್ಲಿ ಬಿಡುಗಡೆಯಾದವರಿಗೆ ತಲಾ 4,000 ರೂಪಾಯಿ ಇತ್ತು. 2016ರಿಂದ ಗಂಡಸರಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಮಾನವ ಸಾಗಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ. ಪ್ರತಿ ಜಿಲ್ಲೆಯಲ್ಲೂ 10 ಲಕ್ಷದ ಪುನರ್ವಸತಿ ನಿಧಿ ಇರಬೇಕೆಂದೂ ನಿಯಮ. ಆದರೆ ಕೈಗೆ ಬಿಡುಗಡೆ ಪತ್ರ ಬಾರದೆ ಇದಾವುದೂ ದಕ್ಕುವುದಿಲ್ಲ.

ಬಾಲಕಾರ್ಮಿಕರ ನಿಧಿಯ ಲೆಕ್ಕ ಇನ್ನೂ ವಿಚಿತ್ರ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ಒಂದು ಮಗುವಿಗೆ ಮಾಲೀಕ 20,000 ಕಟ್ಟಬೇಕು, ಮನೆಯ ದೊಡ್ಡವರೊಬ್ಬರಿಗೆ ಕೆಲಸ ಕೊಡಲಾಗದಿದ್ದರೆ ಸರ್ಕಾರ 5,000 ಸೇರಿಸಬೇಕು ಎಂದಿತು. ಮನೆಯವರಿಗೆ ಸಿಗುವುದು ಬಡ್ಡಿ ಮಾತ್ರ. ಶೇ. 6 ಬಡ್ಡಿ ಎಂದುಕೊಂಡರೆ 25,000ಕ್ಕೆ ತಿಂಗಳಿಗೆ 125 ರೂಪಾಯಿ! ಇಷ್ಟನ್ನು ನಂಬಿ ಯಾವ ತಾಯಿ ಮಗನ ದುಡಿಮೆ ಬಿಡಿಸಿಯಾಳು?

ಬಿಡುಗಡೆ ಪತ್ರಕ್ಕಾಗಿ ಉಪವಿಭಾಗಾಧಿಕಾರಿಯ ಕಚೇರಿಗೆ ಅಲೆಯಲು ಯಾರಾದರೂ ಬೇಕು. ಜೀತದಾಳುಗಳ ಪರವಾಗಿ ಜೀವಿಕ ಸಂಘಟನೆ, ಸಾಗಣೆಗೆ ಸಿಕ್ಕ ಹೆಣ್ಣುಮಕ್ಕಳ ಪರವಾಗಿ ಮೈಸೂರಿನ ಒಡನಾಡಿ ಸೇವಾ ಸಂಸ್ಥೆ ಇಂಥ ಅಲೆದಾಟ ನಡೆಸಿಕೊಂಡು ಬಂದಿವೆ. ಬಸ್ ಚಾರ್ಜು, ಜೆರಾಕ್ಸು, ಕೂಲಿ ಬಿಟ್ಟು ಸಾಕ್ಷಿ ಹೇಳಲು ಬಂದವನ ಊಟ: ದಾನಿಗಳ ಕಣ್ಣಿಗೆ ಬೀಳದ ಖರ್ಚುಗಳಿವು. ಶಾಲೆಗೆ ಬೆಂಚು ಕೊಟ್ಟರೆ ಅದರ ಮೇಲೆ ಹೆಸರು ಬರೆಸಬಹುದು, ಅಲೆದಾಟಕ್ಕೆ ಕೊಟ್ಟರೆ ಬರೆಸುವುದೆಲ್ಲಿ? 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಯೂ ಬಿಗಿಯಾಯಿತು. ದೊಡ್ಡ ಸಂಸ್ಥೆ ತಾನು ಪಡೆದ ಹಣವನ್ನು ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಪೆಟ್ಟು ಬಿದ್ದದ್ದು ತಾಲ್ಲೂಕು ಮಟ್ಟದ ಪುಟ್ಟ ತಂಡಗಳಿಗೆ.

ಬಿಡಿಸುವ ಖರ್ಚಿಗಿಂತ, ಸಿಕ್ಕಿಹಾಕಿಕೊಳ್ಳದಂತೆ ನೋಡಿಕೊಳ್ಳುವ ಖರ್ಚು ಕಡಿಮೆ ಎಂಬುದು ನನ್ನ ಎಣಿಕೆ. ಇದಕ್ಕೆ ದಾರಿಯೂ ನಮ್ಮಲ್ಲೇ ಹುಟ್ಟಿದೆ. ಟಿಬೆಟ್ ನಿರಾಶ್ರಿತರ ನೆಲೆಗಾಗಿ 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆಯ ಹೆಸರಿಗೆ ಮೈಸೂರೇ ಮೂಲ. ಎಂಬತ್ತರ ದಶಕದಲ್ಲಿ ಅದು ಕಟ್ಟಿದ ಉಳಿತಾಯದ ಗುಂಪುಗಳನ್ನು ನೋಡಿ ನಬಾರ್ಡ್ 1987ರಲ್ಲಿ 10 ಲಕ್ಷ ರೂಪಾಯಿ ಕೊಟ್ಟಿತು. ಸ್ವಸಹಾಯ ಸಂಘಗಳು ಬ್ಯಾಂಕಿನ ಬಾಗಿಲು ತಟ್ಟಲು ಇದೂ ಒಂದು ಮೆಟ್ಟಿಲಾಯಿತು. ಜ್ವರ ಬಂದ ರಾತ್ರಿ ಸಂಘದಿಂದ ಎರಡು ಸಾವಿರ ಸಿಕ್ಕರೆ ಬೆಳಿಗ್ಗೆ ಮೇಸ್ತ್ರಿಯ ಮುಂಗಡ ಬೇಕಾಗದು. ಬಡ್ಡಿಯೂ ಸಂಘದಲ್ಲೇ ಉಳಿಯುತ್ತದೆ.

ಅದೇ ಗುಂಪುಗಳ ಬಾಗಿಲಿಗೆ ಈಗ ವಾರದ ಕಂತಿನ ಮೈಕ್ರೋಫೈನಾನ್ಸ್ ಕಂಪನಿಗಳೂ ಬಂದಿವೆ. ವಸೂಲಿಯ ಕಾಟ ತಾಳಲಾರದೆ ಚಾಮರಾಜನಗರ, ನಂಜನಗೂಡು ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳ ಬೆನ್ನಲ್ಲೇ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು. ಶಿಕ್ಷೆ 10 ವರ್ಷದವರೆಗೆ ಜೈಲು.